ಪಂಚಾಯಿತಿ ಬಾಗಿಲಿಗೆ ಬಂದು ನಿಂತ ಎಳೆ: ನಾಲ್ಕು ತಾಲ್ಲೂಕುಗಳಲ್ಲಿ ಅಂತರ್ಜಾಲ ಮತ್ತು ಸಾರ್ವಜನಿಕ ಹಣ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ, 2018ರಲ್ಲಿ ತಾಲ್ಲೂಕಾಯಿತು. ಚನ್ನಗಿರಿಯ ಸೂಳೆಕೆರೆ ಸೀಮೆಯ ಅಡಿಕೆ ತೋಟಕ್ಕೂ ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಕ್ಕೂ ಬದುಕಿನಲ್ಲಿ ಬಹಳ ಅಂತರವಿದೆ. ಆದರೂ ಅಂತರ್ಜಾಲದ ಮಟ್ಟಿಗೆ ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ಒಂದೇ. ಸರ್ಕಾರದ ಹಣ ಸಂಪರ್ಕವನ್ನು ಕಚೇರಿಯಿಂದ ಕಚೇರಿಗೆ ಇಳಿಸುತ್ತ ಬಂದಿತು. ಮನೆಯನ್ನು ಕೊನೆಗೆ ಉಳಿಸಿತು.

ಈ ಚರಿತ್ರೆಯ ಮೊದಲ ಮಜಲು ದೂರವಾಣಿಯದು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಶುರುವಾಯಿತು. ಹದಿನಾರು ವರ್ಷಗಳ ನಂತರ, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆಯಲು ಬಳಸಿದ 35 ಸೂಚಕಗಳಲ್ಲಿ ಲಕ್ಷ ಜನಸಂಖ್ಯೆಗೆ ಎಷ್ಟು ದೂರವಾಣಿ ಎಂಬುದೂ ಒಂದಾಗಿತ್ತು. ಸಂಪರ್ಕವಿಲ್ಲದಿರುವುದೂ ಬಡತನವೇ ಎಂದು ರಾಜ್ಯ ಅಧಿಕೃತವಾಗಿ ಒಪ್ಪಿಕೊಂಡ ದಾಖಲೆ ಅದು. ಇಂದಿನ ಬ್ರಾಡ್‌ಬ್ಯಾಂಡ್ ಚರ್ಚೆಯಲ್ಲಿ ಅದನ್ನು ಯಾರೂ ನೆನೆಯದಿರುವುದು ಬೇಸರದ ಸಂಗತಿ.

ಅಷ್ಟರಲ್ಲಿ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತ್ತು. ಪಹಣಿಯ ಮುದ್ರಿತ ಪ್ರತಿ ಸಿಗುತ್ತಿದ್ದುದು ತಾಲ್ಲೂಕು ಕೇಂದ್ರದಲ್ಲಿ ಮಾತ್ರ. ಹದಿನೈದು ರೂಪಾಯಿಯ ಕಾಗದಕ್ಕೆ ರೈತ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಿತ್ತು. ನ್ಯಾಮತಿ ಕಡೆಯವರು ಹೊನ್ನಾಳಿಗೆ ಹೋಗಬೇಕಿತ್ತು. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯೂ ತಾಲ್ಲೂಕು ಹಂತಕ್ಕೆ ಕನಿಷ್ಠ 2 ಎಂಬಿಪಿಎಸ್ ವೇಗವನ್ನಷ್ಟೇ ಗುರಿಯಾಗಿಸಿತ್ತು. ಜಾಲ ಹೋಬಳಿಗೆ ಇಳಿದದ್ದು 2006ರಲ್ಲಿ, ಸರ್ಕಾರಿ ಸೇವೆ ನೀಡುವ ನೆಮ್ಮದಿ ಕೇಂದ್ರಗಳ ಕಾಲಕ್ಕೆ, ಅದೂ ಉಪಗ್ರಹ ಸಂಪರ್ಕದ ಮೂಲಕ. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಅದು ಹಳೆಯ ತಾಮ್ರದ ತಂತಿಯ ಮೇಲೆಯೇ ಓಡಬೇಕಿತ್ತು. ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಆ ತಂತಿಯಲ್ಲಿ ವೇಗ ಉಳಿಯದು. ಊರಿಂದೂರಿಗೆ ದೂರವಿರುವ ಜಗಳೂರಿನಂಥ ಸೀಮೆಗೆ ಅದು ಎಷ್ಟರಮಟ್ಟಿಗೆ ಒದಗೀತು?

ನಿಜವಾದ ತಿರುವು 2011ರ ಅಕ್ಟೋಬರ್ 25ರದು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಅಂದು ಒಪ್ಪಿಗೆ ನೀಡಿತು. ಇದೇ ಮುಂದೆ ಭಾರತ್‌ನೆಟ್ ಆಯಿತು. ಅಂದಾಜು ವೆಚ್ಚ 20,000 ಕೋಟಿ ರೂಪಾಯಿ. ಈ ಹಣ ಬಂದದ್ದು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ, ಅಂದರೆ ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯಾದ ವರಮಾನದ ಶೇ 5ರಷ್ಟನ್ನು ವಸೂಲು ಮಾಡಿ ಕೂಡಿಟ್ಟ ಗಂಟಿನಿಂದ. ನಾವು ಕಟ್ಟಿದ ಫೋನ್ ಬಿಲ್ಲೇ ಅದರ ಮೂಲ. ಎರಡು ವರ್ಷದ ಕೆಲಸ ಎಂದುಕೊಂಡಿದ್ದರು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳು ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಆಗಿತ್ತು.

ವಿನ್ಯಾಸವನ್ನು ಹತ್ತಿರದಿಂದ ನೋಡಿದರೆ ದೋಷ ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಬ್ಲಾಕ್ ಕೇಂದ್ರದ ವಿನಿಮಯ ಕೇಂದ್ರದಲ್ಲಿ ಒಂದು ಮುಖ್ಯ ಯಂತ್ರ; ಅಲ್ಲಿಂದ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರ್ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಅದನ್ನೇ ಬಳಸಿ, ಮುಂದಕ್ಕೆ ಮಾತ್ರ ಹೊಸ ಕೇಬಲ್; ಪಂಚಾಯಿತಿ ಕಚೇರಿಯ ಗೋಡೆಗೆ ಒಂದು ಪೆಟ್ಟಿಗೆ. ಹಣ ಉಳಿತಾಯವಾಯಿತು, ನಿಜ. ಆದರೆ ಕವಲೊಡೆದ ಈ ದಾರಿಯಲ್ಲಿ ರಸ್ತೆ ಅಗಲ ಮಾಡುವವರದೋ ನೀರಿನ ಪೈಪ್ ಹೂಳುವವರದೋ ಜೆಸಿಬಿ ಒಂದು ಕಡೆ ತಾಗಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಸ್ತಬ್ಧ. ಕರೆಂಟ್ ಹೋಗಿ ಬ್ಯಾಟರಿ ಇಳಿದರೂ ಅದೇ ಗತಿ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಹಳ್ಳಿಗರಿಗೆ ಬಾಯಿಪಾಠವಾದದ್ದು ಹೀಗೆ. ಇನ್ನೊಂದು ಮಾತು: ಈ ನಕ್ಷೆ ಸಿದ್ಧವಾದದ್ದು ನ್ಯಾಮತಿ ತಾಲ್ಲೂಕಾಗುವ ಮೊದಲು. ಅಲ್ಲಿನ ಪಂಚಾಯಿತಿಗಳು ಹೊನ್ನಾಳಿ ಬ್ಲಾಕಿನ ಲೆಕ್ಕದಲ್ಲೇ ಇದ್ದವು. ಆಡಳಿತದ ಗಡಿ ಒಂದು ಆದೇಶದಿಂದ ಬದಲಾಗುತ್ತದೆ. ನೆಲದಲ್ಲಿ ಹೂತ ಕೇಬಲ್ ಅಷ್ಟು ಸುಲಭವಾಗಿ ದಾರಿ ಬದಲಿಸದು.

2016ರಿಂದೀಚೆಗೆ 4ಜಿ ಮೊಬೈಲ್ ಅಂತರ್ಜಾಲವನ್ನು ಜನರ ಕೈಗೇ ಕೊಟ್ಟಿತೆಂಬುದನ್ನು ಒಪ್ಪಬೇಕು. ಹಾಗೆಂದು ಸಾರ್ವಜನಿಕ ಜಾಲ ಬೇಡವಾಗಲಿಲ್ಲ. ಅದರ ಮೇಲಿನ ಹೊರೆ ಹೆಚ್ಚಿತು. ಸರ್ಕಾರಿ ಸೇವೆಗಳನ್ನು ಹಳ್ಳಿಯಲ್ಲೇ ಕೊಡುವ ಗ್ರಾಮ ಒನ್ ಕೇಂದ್ರಗಳ ಪ್ರಯೋಗಕ್ಕೆ 2020ರಲ್ಲಿ ಸರ್ಕಾರ ಆರಿಸಿಕೊಂಡದ್ದು ದಾವಣಗೆರೆ ಜಿಲ್ಲೆಯನ್ನೇ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿಯೂ ಮೊಬೈಲ್ ಆ್ಯಪ್‌ನಲ್ಲಿ ಕಡ್ಡಾಯವಾಯಿತು. ಸಿಗ್ನಲ್ ಸಿಗದ ದಿನ ನಷ್ಟಕ್ಕೆ ಗುರಿಯಾಗುವವರು ಕೂಲಿಯವರೇ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಹಳೆಯ ದೋಷವನ್ನು ಗುರುತಿಸಿದೆ. ಕೇಬಲ್ ಈಗ ಉಂಗುರಾಕಾರದಲ್ಲಿ ಸಾಗಬೇಕು. ಒಂದು ಕಡೆ ತುಂಡಾದರೆ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಸೇರಿದೆ. 1.5 ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವ ಗುರಿಯಿದೆ. ಮನೆ ಎಂಬ ಘಟಕ ಕೊನೆಗೂ ಲೆಕ್ಕಕ್ಕೆ ಬಂದಿದೆ.

ಇಷ್ಟು ಕಾಲ ನಮ್ಮ ಯೋಜನೆಗಳು ಎಳೆದ ಕೇಬಲಿನ ಉದ್ದವನ್ನು ಎಣಿಸಿದವು, ಅದು ಕೆಲಸ ಮಾಡಿದ ದಿನಗಳನ್ನು ಎಣಿಸಲಿಲ್ಲ. ಈ ನಾಲ್ಕು ತಾಲ್ಲೂಕುಗಳ ಪ್ರತಿ ಪಂಚಾಯಿತಿಯೂ ಸಂಪರ್ಕ ಕಡಿದ ದಿನ, ಸರಿಯಾದ ದಿನ ಎರಡನ್ನೂ ಬರೆದಿಟ್ಟು ಗ್ರಾಮಸಭೆಯ ಮುಂದೆ ಓದಲಿ. ಸದಸ್ಯರು ಮುಂದಿನ ಸಭೆಯಲ್ಲೇ ಇದನ್ನು ಕೇಳಬೇಕು.