ಹಲ್ಲಿಗಾಗಿ ಗಡಿ ದಾಟುವವರು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಕಡಲೆಗೆ ಕೊರತೆಯಿಲ್ಲದ ಅಮೆರಿಕದಲ್ಲಿ ಹಲ್ಲಿಗೆ ಕೊರತೆಯಿದೆ. ಅಲ್ಲಿನ ಸಾವಿರಾರು ವೃದ್ಧರು ಹಲ್ಲು ಕಟ್ಟಿಸಿಕೊಳ್ಳಲು ಗಡಿ ದಾಟಿ ಮೆಕ್ಸಿಕೊದ ಪುಟ್ಟ ಊರೊಂದಕ್ಕೆ ಹೋಗುತ್ತಾರೆ. ಆ ಊರೇ ಲಾಸ್ ಅಲ್ಗೊಡೊನೆಸ್.

ಸ್ಪ್ಯಾನಿಷ್ ಭಾಷೆಯಲ್ಲಿ ಅಲ್ಗೊಡೊನ್ ಎಂದರೆ ಹತ್ತಿ. ಊರಿನ ಉತ್ತರಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ, ಪೂರ್ವಕ್ಕೆ ಕೊಲೊರಾಡೊ ನದಿಯಾಚೆ ಅರಿಜೋನಾ. ಜನಸಂಖ್ಯೆ ಹತ್ತು ಸಾವಿರ ಮುಟ್ಟದಿದ್ದರೂ ದಂತವೈದ್ಯರು ನೂರಾರು ಮಂದಿ! ಕನ್ನಡಕದ ಅಂಗಡಿ, ಔಷಧದ ಅಂಗಡಿಗಳಿಗೂ ಲೆಕ್ಕವಿಲ್ಲ. ಅಮೆರಿಕನ್ನರು ಇದಕ್ಕೆ ಇಟ್ಟ ಅಡ್ಡಹೆಸರು 'ಮೋಲಾರ್ ಸಿಟಿ', ಅಂದರೆ ದವಡೆಹಲ್ಲಿನ ನಗರ.

ಒಂದು ಕಡೆಯ ಕಾನೂನು ಇನ್ನೊಂದು ಕಡೆಯ ಜೀವನೋಪಾಯವಾಗುವುದು ಈ ಗಡಿಗೆ ಹೊಸದಲ್ಲ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಅಲ್ಲಿನವರು ಮದ್ಯಕ್ಕಾಗಿ ತಿಹುವಾನಾ, ಮೆಹಿಕಾಲಿ ಪಟ್ಟಣಗಳಿಗೆ ಧಾವಿಸಿದರು. 1928ರಲ್ಲಿ ತಿಹುವಾನಾದಲ್ಲಿ ಆಗ್ವಾ ಕಾಲಿಯೆಂತೆ ಎಂಬ ವೈಭವದ ಜೂಜುಕೇಂದ್ರ ತೆರೆಯಿತು. ನಿಷೇಧ ಹೋಯಿತು, 1935ರಲ್ಲಿ ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಜೂಜನ್ನೂ ನಿಲ್ಲಿಸಿದರು.

ಹಲ್ಲಿನ ಕಥೆಗೂ ಕಾನೂನೇ ಮೂಲ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ದಂತವೈದ್ಯಕ್ಕೆಂದೇ ಪ್ರತ್ಯೇಕ ಕಾಲೇಜು ಆರಂಭವಾದ ಮೇಲೆ ಅಮೆರಿಕದಲ್ಲಿ ಬಾಯಿಯ ವೈದ್ಯ ಬೇರೆ, ಮೈಯ ವೈದ್ಯ ಬೇರೆ ಎಂದಾಯಿತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರಿಗಾಗಿ ಮೆಡಿಕೇರ್ ವಿಮೆಗೆ ಸಹಿ ಹಾಕಿದಾಗ ಹುಳುಕು ತುಂಬುವುದು, ಹಲ್ಲು ಕೀಳುವುದು, ಕಟ್ಟುವುದು ಎಲ್ಲವೂ ಅದರಿಂದ ಹೊರಗುಳಿದವು. ಕನ್ನಡಕ ಮತ್ತು ಶ್ರವಣಯಂತ್ರಗಳ ಗತಿಯೂ ಅದೇ. ಹೃದಯಕ್ಕೆ ವಿಮೆ ಉಂಟು, ದವಡೆಗೆ ಇಲ್ಲ ಎಂಬಂತಾಯಿತು. ಖಾಸಗಿ ಕಂಪನಿಗಳ ಮೂಲಕ ನಡೆಯುವ ಯೋಜನೆಗಳಲ್ಲಿ ಹಲ್ಲಿಗೂ ಒಂದಿಷ್ಟು ನೆರವಿದೆಯಾದರೂ ಅದಕ್ಕೆ ಮಿತಿಯುಂಟು.

ಗಡಿಯಾಚೆ ಇದೇ ಚಿಕಿತ್ಸೆ ಎಷ್ಟೋ ಬಾರಿ ಮೂರನೇ ಒಂದು ಪಾಲು ಹಣಕ್ಕೇ ಆಗುತ್ತದೆ. ಇದರಲ್ಲಿ ಮಾಯವೇನಿಲ್ಲ. ಮೆಕ್ಸಿಕೊದಲ್ಲಿ ಸಂಬಳ, ಬಾಡಿಗೆಗಳು ಕಡಿಮೆ. ಸರಕಾರಿ ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯರಿಗೆ ಅಮೆರಿಕದವರಂತೆ ಓದಿನ ಸಾಲದ ಹೊರೆಯಿಲ್ಲ.

ಚಳಿಗಾಲದಲ್ಲಿ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಯೂಮಾ ಪಟ್ಟಣದ ಸುತ್ತ ಬಂದು ತಂಗುವ ನಿವೃತ್ತರೇ ಈ ಊರಿನ ಮುಖ್ಯ ಗಿರಾಕಿಗಳು. ಗಡಿಯ ಬಳಿ ಕ್ವೆಚಾನ್ ಬುಡಕಟ್ಟಿನವರು ನಡೆಸುವ ನಿಲ್ದಾಣದಲ್ಲಿ ಕಾರು ಬಿಟ್ಟು, ನಡೆದೇ ಮೆಕ್ಸಿಕೊ ಸೇರುತ್ತಾರೆ. ಸಣ್ಣ ಕೆಲಸವಾದರೆ ಸಂಜೆಯೊಳಗೆ ವಾಪಸು.

ಅಪಾಯವೇ ಇಲ್ಲವೆಂದಲ್ಲ. ಚಿಕಿತ್ಸೆ ಕೆಟ್ಟರೆ ಮರಳಿ ಗಡಿ ದಾಟಬೇಕು; ಪರದೇಶದಲ್ಲಿ ಪರಿಹಾರ ಕೇಳುವುದು ಸುಲಭವಲ್ಲ. ಗಡಿಯ ಇನ್ನೊಂದು ತುದಿಯ ಮತಾಮೊರೋಸ್‌ನಲ್ಲಿ 2023ರಲ್ಲಿ ಶಸ್ತ್ರಚಿಕಿತ್ಸೆಗೆಂದು ಹೋಗಿದ್ದ ಅಮೆರಿಕನ್ನರಲ್ಲಿ ಹಲವರು ಶಿಲೀಂಧ್ರದಿಂದ ಬಂದ ಮೆದುಳುಪೊರೆಯ ಉರಿಯೂತದಿಂದ ಸತ್ತರು. ಆದರೂ ಜನ ಗಡಿ ದಾಟುವುದನ್ನು ಬಿಟ್ಟಿಲ್ಲ. ಅಗ್ಗದ ಚಿಕಿತ್ಸೆಯೋ ಒಳ್ಳೆಯ ಚಿಕಿತ್ಸೆಯೋ ಎಂಬ ಆಯ್ಕೆ ಎಲ್ಲರಿಗೂ ಇರುವುದಿಲ್ಲ. ಚಿಕಿತ್ಸೆಯೋ ಬೋಳುಬಾಯಿಯೋ ಎಂಬುದೇ ಹಲವರ ಮುಂದಿನ ಪ್ರಶ್ನೆ.

ಮೆಡಿಕೇರ್‌ಗೆ ಹಲ್ಲನ್ನೂ ಸೇರಿಸುವ ಪ್ರಸ್ತಾಪ 2021ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದಿತ್ತು; ಕಾಯಿದೆಯಾಗಲಿಲ್ಲ. ಪಾನನಿಷೇಧ ಹದಿನಾಲ್ಕು ವರ್ಷದೊಳಗೆ ಮುಗಿಯಿತು. ಹಲ್ಲಿನ ಮೇಲಿನ ಈ ನಿಷೇಧಕ್ಕೆ ಅರವತ್ತು ವರ್ಷ ತುಂಬಿದೆ. ಅದು ಇರುವಷ್ಟು ದಿನವೂ ಹತ್ತಿಯ ಹೆಸರಿನ ಊರಿನಲ್ಲಿ ಹಲ್ಲಿನ ಫಸಲಿಗೆ ಬರವಿಲ್ಲ.