ವಿಕಲಚೇತನರು ಮತ್ತು ಹಿರಿಯ ನಾಗರಿಕರಿಗೆ ಸಾಧನ ಸಲಕರಣೆಗಳು: ಆಯ್ಕೆ, ಅರ್ಜಿ, ಸುರಕ್ಷಿತ ಬಳಕೆ ಮತ್ತು ತುರ್ತು ಸಿದ್ಧತೆ

1. ಪೀಠಿಕೆ

ನಡೆದಾಡಲು, ಕೇಳಲು, ದಾರಿ ಗುರುತಿಸಲು ನೆರವಾಗುವ ಉಪಕರಣಗಳನ್ನು ಸರ್ಕಾರಿ ಯೋಜನೆಗಳಲ್ಲಿ "ಸಾಧನ ಸಲಕರಣೆಗಳು" ಎಂದು ಕರೆಯಲಾಗುತ್ತದೆ. ಊರುಗೋಲು, ವಾಕರ್, ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಕ್ಯಾಲಿಪರ್, ಕೃತಕ ಕಾಲು, ಬಿಳಿ ಕೋಲು, ಶ್ರವಣ ಸಾಧನ ಮುಂತಾದವು ಇವುಗಳಲ್ಲಿ ಸೇರಿವೆ. ಇವುಗಳನ್ನು ಪಡೆಯುವ ವಿಧಾನ, ಅಳತೆಗೆ ತಕ್ಕಂತೆ ಆರಿಸಿಕೊಳ್ಳುವ ಕ್ರಮ, ದಿನನಿತ್ಯದ ಸುರಕ್ಷತೆ ಹಾಗೂ ಪ್ರವಾಹ, ಬೆಂಕಿಯಂತಹ ಸಂದರ್ಭಗಳಿಗೆ ಬೇಕಾದ ಸಿದ್ಧತೆಯ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ.

ಒಮ್ಮೆ ಸಾಧನ ಪಡೆದ ಫಲಾನುಭವಿಯು ಅದೇ ಉದ್ದೇಶಕ್ಕೆ ಸಾಮಾನ್ಯವಾಗಿ ಮುಂದಿನ ಮೂರು ವರ್ಷ ಮತ್ತೆ ನೆರವು ಪಡೆಯಲು ಅವಕಾಶವಿರುವುದಿಲ್ಲ. ಅಳತೆ ತಪ್ಪಿದ ಗಾಲಿಕುರ್ಚಿಯನ್ನು ಅವಸರದಲ್ಲಿ ಸ್ವೀಕರಿಸಿದಲ್ಲಿ ಆ ಮೂರು ವರ್ಷಗಳೂ ಅದರಲ್ಲಿಯೇ ಕಳೆಯಬೇಕಾಗುತ್ತದೆ. ಆದ್ದರಿಂದ ಅರ್ಜಿದಾರರು ಕಂಡಿಕೆ 4ನ್ನು ಅರ್ಜಿ ಸಲ್ಲಿಸುವ ಮುನ್ನವೇ ಓದಿಕೊಳ್ಳುವುದು ಸೂಕ್ತ.

2. ಪ್ರಮುಖ ಯೋಜನೆಗಳು ಮತ್ತು ಅರ್ಹತೆ

(ಅ) ಎ.ಡಿ.ಐ.ಪಿ. ಯೋಜನೆ

ವಿಕಲಚೇತನರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಈ ಕೇಂದ್ರ ಯೋಜನೆಯು 1981ರಿಂದ ಜಾರಿಯಲ್ಲಿದೆ. ಅರ್ಹತೆಗಳು ಈ ಕೆಳಕಂಡಂತಿವೆ.

- ಭಾರತದ ಪ್ರಜೆಯಾಗಿರಬೇಕು.
- ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಹೊಂದಿರಬೇಕು.
- ಎಲ್ಲಾ ಮೂಲಗಳ ಮಾಸಿಕ ಆದಾಯವು ರೂ. 30,000 ಮೀರಿರಬಾರದು. ಅವಲಂಬಿತರಾಗಿದ್ದಲ್ಲಿ ತಂದೆ ತಾಯಿ ಅಥವಾ ಪೋಷಕರ ಆದಾಯವನ್ನು ಪರಿಗಣಿಸಲಾಗುತ್ತದೆ.
- ಅದೇ ಉದ್ದೇಶಕ್ಕೆ ಕಳೆದ ಮೂರು ವರ್ಷಗಳಲ್ಲಿ ಯಾವುದೇ ಮೂಲದಿಂದ ನೆರವು ಪಡೆದಿರಬಾರದು. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದು ವರ್ಷ ಮಾತ್ರ. ಮಕ್ಕಳು ಬೆಳೆದಂತೆ ಅಳತೆ ಬದಲಾಗುವುದೇ ಇದಕ್ಕೆ ಕಾರಣ.

ಮಾಸಿಕ ಆದಾಯ ರೂ. 22,500ರವರೆಗೆ ಇದ್ದಲ್ಲಿ ಯೋಜನೆಯ ಮಿತಿಗೊಳಪಟ್ಟು ಸಾಧನದ ಪೂರ್ಣ ವೆಚ್ಚವನ್ನೂ, ರೂ. 22,501ರಿಂದ 30,000ದವರೆಗೆ ಇದ್ದಲ್ಲಿ ಶೇ. 50ರಷ್ಟು ವೆಚ್ಚವನ್ನೂ ಭರಿಸಲಾಗುತ್ತದೆ. ಮೋಟಾರು ಚಾಲಿತ ತ್ರಿಚಕ್ರ ಸೈಕಲ್ಲನ್ನು ತೀವ್ರ ಸ್ವರೂಪದ ಅಂಗವೈಕಲ್ಯವುಳ್ಳ, 16 ವರ್ಷ ತುಂಬಿದವರಿಗೆ ಮಾತ್ರ ನೀಡಲಾಗುತ್ತದೆ.

ಈ ಯೋಜನೆಯಡಿ ಸಾಧನಗಳನ್ನು ಪೂರೈಸುವ ಪ್ರಮುಖ ಸಂಸ್ಥೆಯು ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಭಾರತೀಯ ಕೃತಕ ಅಂಗಾಂಗ ತಯಾರಿಕಾ ನಿಗಮ, ಅಂದರೆ ಅಲಿಮ್ಕೊ. ಇದರ ಸಹಾಯಕ ಉತ್ಪಾದನಾ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಶ್ರವಣ ದೋಷವುಳ್ಳವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಹಾಗೂ ಶ್ರವಣ ಸಾಧನ ಅಳವಡಿಕೆಯ ಸೌಲಭ್ಯವಿದೆ.

(ಆ) ರಾಷ್ಟ್ರೀಯ ವಯೋಶ್ರೀ ಯೋಜನೆ

2017ರಲ್ಲಿ ಆರಂಭವಾದ ಈ ಯೋಜನೆಯು 60 ವರ್ಷ ತುಂಬಿದ ಹಿರಿಯ ನಾಗರಿಕರಿಗೆ ಸಂಬಂಧಿಸಿದ್ದು, ಬಡತನ ರೇಖೆಗಿಂತ ಕೆಳಗಿರುವವರು ಅಥವಾ ಮಾಸಿಕ ಆದಾಯ ರೂ. 15,000 ಮೀರದವರು ಅರ್ಹರು. ವಯೋಸಹಜವಾಗಿ ನಡಿಗೆ, ದೃಷ್ಟಿ, ಶ್ರವಣ ಕುಂದಿದವರಿಗೆ ಅಥವಾ ಹಲ್ಲು ಕಳೆದುಕೊಂಡವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ, ಕೃತಕ ದಂತಪಂಕ್ತಿ ಮುಂತಾದವುಗಳನ್ನು ತಪಾಸಣಾ ಶಿಬಿರಗಳ ಮೂಲಕ ಉಚಿತವಾಗಿ ವಿತರಿಸಲಾಗುತ್ತದೆ.

(ಇ) ರಾಜ್ಯದ ಯೋಜನೆಗಳು

ಯಂತ್ರಚಾಲಿತ ದ್ವಿಚಕ್ರ ವಾಹನವೂ ಸೇರಿದಂತೆ ರಾಜ್ಯ ಸರ್ಕಾರದ ಸೌಲಭ್ಯಗಳಿಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಪ್ರತ್ಯೇಕವಾಗಿ ಅರ್ಜಿ ಆಹ್ವಾನಿಸುತ್ತದೆ. ಷರತ್ತು ಹಾಗೂ ಕೊನೆಯ ದಿನಾಂಕವನ್ನು ಆಯಾ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

3. ಅರ್ಜಿ ಸಲ್ಲಿಸುವ ವಿಧಾನ

ಲಗತ್ತಿಸಬೇಕಾದ ದಾಖಲೆಗಳು:

1) ಅಂಗವೈಕಲ್ಯ ಪ್ರಮಾಣಪತ್ರ ಅಥವಾ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ. ಕಾರ್ಡ್)
2) ಆಧಾರ್ ಚೀಟಿಯ ಪ್ರತಿ
3) ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ ಅಥವಾ ಆದಾಯವನ್ನು ದೃಢಪಡಿಸುವ ಇತರ ಅಧಿಕೃತ ದಾಖಲೆ
4) ಇತ್ತೀಚಿನ ಭಾವಚಿತ್ರಗಳು
5) ಹಿರಿಯ ನಾಗರಿಕರಾಗಿದ್ದಲ್ಲಿ ವಯಸ್ಸಿನ ದಾಖಲೆ

ಅಂಗವೈಕಲ್ಯ ಪ್ರಮಾಣಪತ್ರಗಳನ್ನು 2021ರ ಜೂನ್ 1ರಿಂದ ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಹಳೆಯ ಕೈಬರಹದ ಪ್ರಮಾಣಪತ್ರ ಮಾತ್ರ ಇರುವವರು ಮೊದಲು ಗುರುತಿನ ಚೀಟಿಗೆ ನೋಂದಾಯಿಸಿಕೊಂಡಲ್ಲಿ ಮುಂದಿನ ಎಲ್ಲಾ ಸೌಲಭ್ಯಗಳಿಗೂ ಅನುಕೂಲವಾಗುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಲಾಗಿದೆ. ಮೊದಲು ಅರ್ಹರಲ್ಲವೆಂದು ತಿಳಿಸಲ್ಪಟ್ಟಿದ್ದವರೂ ಪುನಃ ವಿಚಾರಿಸಬಹುದು.

ಸಂಪರ್ಕಿಸಬೇಕಾದವರು: ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಹಾಗೂ ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು.

4. ಸಾಧನದ ಆಯ್ಕೆ ಮತ್ತು ಅಳತೆ

ಸಾಮಾನ್ಯವಾಗಿ ಶಿಬಿರಗಳಲ್ಲಿ ಒಂದು ದಿನ ಅಳತೆ ತೆಗೆದುಕೊಂಡು, ನಂತರದ ದಿನಾಂಕದಂದು ಸಾಧನ ವಿತರಿಸಲಾಗುತ್ತದೆ. ಬಳಸುವ ವ್ಯಕ್ತಿಯು ಎರಡೂ ದಿನ ಖುದ್ದಾಗಿ ಹಾಜರಿರುವುದು ಅಗತ್ಯ. ಸಹಿ ಮಾಡುವ ಮುನ್ನ ಸಾಧನವನ್ನು ಸ್ಥಳದಲ್ಲಿಯೇ ಬಳಸಿ ನೋಡಿ, ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

ಕೈಕೋಲು: ನಿತ್ಯ ಧರಿಸುವ ಚಪ್ಪಲಿಯೊಡನೆ ನೇರವಾಗಿ ನಿಂತು ಕೈಯನ್ನು ಸಡಿಲವಾಗಿ ಇಳಿಬಿಟ್ಟಾಗ, ಕೋಲಿನ ಹಿಡಿಯು ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಕೋಲನ್ನು ದುರ್ಬಲ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಹಿಡಿಯಬೇಕು. ಬಲಗಾಲು ನೋಯುವವರು ಎಡಗೈಯಲ್ಲಿ ಹಿಡಿದು, ಬಲಗಾಲಿನೊಂದಿಗೇ ಕೋಲನ್ನೂ ಮುಂದಿಡಬೇಕು. ಅನೇಕರು ನೋವಿನ ಬದಿಯಲ್ಲಿಯೇ ಹಿಡಿಯುವುದರಿಂದ ಆ ಕಾಲಿನ ಭಾರ ಇಳಿಯುವುದಿಲ್ಲ.

ಕಂಕುಳ ಊರುಗೋಲು: ಕಂಕುಳಿಗೂ ಊರುಗೋಲಿನ ಮೇಲಿನ ಪಟ್ಟಿಗೂ ನಡುವೆ ಎರಡು ಮೂರು ಬೆರಳಿನಷ್ಟು ಅಂತರವಿರಬೇಕು. ದೇಹದ ಭಾರ ಅಂಗೈಗಳ ಮೇಲೆ ಬೀಳಬೇಕೇ ಹೊರತು ಕಂಕುಳಿನ ಮೇಲಲ್ಲ. ಅಲ್ಲಿನ ನರಗಳ ಮೇಲೆ ನಿರಂತರ ಒತ್ತಡ ಬಿದ್ದಲ್ಲಿ ಕೈ ಜೋಮು ಹಿಡಿದು, ಕ್ರಮೇಣ ಬಲ ಕುಂದುವ ಅಪಾಯವಿದೆ.

ಮೆಟ್ಟಿಲು: ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ಊರುಗೋಲು ಹಾಗೂ ದುರ್ಬಲ ಕಾಲು ಮೊದಲು.

ಗಾಲಿಕುರ್ಚಿ: ಕುಳಿತಾಗ ಸೊಂಟದ ಎರಡೂ ಬದಿಯಲ್ಲಿ ಅಂಗೈ ನೇರವಾಗಿ ತೂರುವಷ್ಟು ಜಾಗ ಸಾಕು. ಹೆಚ್ಚು ಅಗಲವಾದರೆ ದೇಹ ಒಂದು ಬದಿಗೆ ವಾಲುವುದಲ್ಲದೆ ಮನೆಯ ಬಾಗಿಲಲ್ಲಿ ಕುರ್ಚಿ ತೂರದೆ ಹೋಗಬಹುದು. ಮನೆಯ ಮುಂಬಾಗಿಲು ಹಾಗೂ ಶೌಚಾಲಯದ ಬಾಗಿಲಿನ ಅಗಲವನ್ನು ಅಳೆದುಕೊಂಡೇ ಶಿಬಿರಕ್ಕೆ ಬರುವುದು ಒಳಿತು. ಬೆನ್ನುಹುರಿ ಪೆಟ್ಟಿನಿಂದ ಕೆಳಭಾಗದ ಸ್ಪರ್ಶಜ್ಞಾನವಿಲ್ಲದವರಿಗೆ ಒತ್ತಡ ತಗ್ಗಿಸುವ ದಿಂಬು ಅತ್ಯವಶ್ಯಕ. ಇಂತಹವರು ಅರ್ಧ ಗಂಟೆಗೊಮ್ಮೆಯಾದರೂ ಕೈಯೂರಿ ದೇಹವನ್ನು ಎತ್ತಿ ಅಥವಾ ಮುಂದಕ್ಕೆ ಬಾಗಿ ಒತ್ತಡವನ್ನು ಇಳಿಸಬೇಕು. ನೋವು ತಿಳಿಯದ ಕಾರಣ ಹುಣ್ಣು ಆಳವಾದ ಮೇಲಷ್ಟೇ ಗಮನಕ್ಕೆ ಬರುತ್ತದೆ. ಚರ್ಮ ಕೆಂಪಾಗಿದೆಯೇ ಎಂದು ಪ್ರತಿದಿನ ಮನೆಯವರು ನೋಡುವುದು ಅಗತ್ಯ.

ಬಿಳಿ ಕೋಲು: ದೃಷ್ಟಿ ದೋಷವುಳ್ಳವರ ಈ ಕೋಲು ಭಾರ ಹೊರುವುದಕ್ಕಲ್ಲ, ನೆಲವನ್ನು ಪರೀಕ್ಷಿಸಲು ಹಾಗೂ ಇತರರಿಗೆ ಗುರುತು ನೀಡಲು. ಆದುದರಿಂದ ಇದು ಕೈಕೋಲಿಗಿಂತ ಉದ್ದವಾಗಿರುತ್ತದೆ. ನೇತಾಡುವ ಕೊಂಬೆ, ನಿಂತ ಲಾರಿಯ ಹಿಂಭಾಗದಂತಹ ಮೊಣಕಾಲಿಗಿಂತ ಮೇಲಿನ ಅಡೆತಡೆಗಳು ಸಾಮಾನ್ಯ ಕೋಲಿಗೆ ಸಿಗುವುದಿಲ್ಲ. ದೆಹಲಿಯ ಐ.ಐ.ಟಿ.ಯಲ್ಲಿ ಅಭಿವೃದ್ಧಿಪಡಿಸಿ 2014ರಲ್ಲಿ ಬಿಡುಗಡೆಯಾದ ಸ್ಮಾರ್ಟ್ ಕೇನ್ ಎಂಬ ಸಾಧನವನ್ನು ಕೋಲಿನ ಹಿಡಿಗೆ ಅಳವಡಿಸಿದಲ್ಲಿ, ಶ್ರವಣಾತೀತ ಧ್ವನಿ ತರಂಗಗಳ ಮೂಲಕ ಸುಮಾರು 3 ಮೀಟರ್‌ವರೆಗಿನ ಅಡೆತಡೆಯನ್ನು ಪತ್ತೆಹಚ್ಚಿ ಕಂಪನದಿಂದ ತಿಳಿಸುತ್ತದೆ. ಗುಂಡಿ ಹಾಗೂ ತೆರೆದ ಚರಂಡಿಗಳನ್ನು ಗುರುತಿಸಲು ಕೋಲಿನ ತುದಿಯನ್ನೇ ನಂಬಬೇಕು.

ಶ್ರವಣ ಸಾಧನ: ಶ್ರವಣ ಪರೀಕ್ಷೆ ಇಲ್ಲದೆ ಬೇರೆಯವರ ಸಾಧನವನ್ನು ಬಳಸಬಾರದು. ಹೆಚ್ಚು ಶಬ್ದ ನೀಡುವ ಸಾಧನವು ಉಳಿದ ಶ್ರವಣ ಶಕ್ತಿಗೂ ಹಾನಿ ಮಾಡಬಹುದು.

5. ನಿರ್ವಹಣೆ

- ಊರುಗೋಲು, ವಾಕರ್‌ಗಳ ತುದಿಯ ರಬ್ಬರ್ ಬುಷ್ ಸವೆದು ನುಣುಪಾದ ಕೂಡಲೇ ಬದಲಾಯಿಸಬೇಕು. ಒದ್ದೆಯಾದ ಬಚ್ಚಲು ನೆಲದಲ್ಲಿ ಸವೆದ ಬುಷ್ ಜಾರುತ್ತದೆ.
- ಗಾಲಿಕುರ್ಚಿಗೆ ಹತ್ತುವ ಮತ್ತು ಇಳಿಯುವ ಮುನ್ನ ಎರಡೂ ಬ್ರೇಕುಗಳನ್ನು ಹಾಕಿ, ಪಾದದ ಹಲಗೆಗಳನ್ನು ಮಡಿಸಬೇಕು. ಹಲಗೆಯ ಮೇಲೆ ನಿಂತಲ್ಲಿ ಕುರ್ಚಿ ಮುಂದಕ್ಕೆ ಮಗುಚುತ್ತದೆ.
- ತ್ರಿಚಕ್ರ ಸೈಕಲ್ಲಿನ ಸರಪಳಿಗೆ ಎಣ್ಣೆ, ಚಕ್ರಗಳಿಗೆ ಗಾಳಿ ಹಾಗೂ ಬ್ರೇಕನ್ನು ನಿಯಮಿತವಾಗಿ ನೋಡಿಕೊಳ್ಳಬೇಕು. ಹಿಂಭಾಗಕ್ಕೆ ಕೆಂಪು, ಮುಂಭಾಗಕ್ಕೆ ಬಿಳಿ ಪ್ರತಿಫಲಕ ಪಟ್ಟಿ ಅಂಟಿಸಿಕೊಳ್ಳಬೇಕು. ತ್ರಿಚಕ್ರ ಸೈಕಲ್ ತಗ್ಗಾಗಿರುವುದರಿಂದ ಸಂಜೆಯ ವೇಳೆ ವಾಹನ ಚಾಲಕರಿಗೆ ಸುಲಭವಾಗಿ ಕಾಣುವುದಿಲ್ಲ.
- ಯಂತ್ರಚಾಲಿತ ದ್ವಿಚಕ್ರ ವಾಹನಕ್ಕೆ ಪಕ್ಕದ ಚಕ್ರಗಳಿದ್ದರೂ ಹೆಲ್ಮೆಟ್ ಧರಿಸಬೇಕು. ಹೆಲ್ಮೆಟ್ ಮೇಲೆ ಐ.ಎಸ್.ಐ. ಗುರುತು ಇರುವುದು 2021ರ ಜೂನ್‌ನಿಂದ ಕಡ್ಡಾಯ.
- ಶ್ರವಣ ಸಾಧನವನ್ನು ಸ್ನಾನಕ್ಕೆ ಮುನ್ನ ತೆಗೆದಿಡಬೇಕು. ಕರಾವಳಿ ಹಾಗೂ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುವುದು ಒಳ್ಳೆಯದು. ಸಣ್ಣ ಗುಂಡಿಯಾಕಾರದ ಬ್ಯಾಟರಿಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು; ನುಂಗಿದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

6. ಮನೆಯಲ್ಲಿ ಮಾಡಿಕೊಳ್ಳಬಹುದಾದ ವ್ಯವಸ್ಥೆ

ಇಳಿಜಾರು ದಾರಿಯ ಪ್ರಮಾಣ 1:12 ಇರಬೇಕು. ಅಂದರೆ 15 ಸೆಂ.ಮೀ. ಎತ್ತರದ ಮೆಟ್ಟಿಲಿಗೆ ಕನಿಷ್ಠ 180 ಸೆಂ.ಮೀ. ಉದ್ದದ ಇಳಿಜಾರು ಅಗತ್ಯ. ಇದಕ್ಕಿಂತ ಕಡಿದಾದಲ್ಲಿ ಕುರ್ಚಿ ತಳ್ಳುವವರಿಗೂ ಕುಳಿತವರಿಗೂ ಅಪಾಯ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸತಕ್ಕದ್ದು. ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಕಂಬಿ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪ ಅಳವಡಿಸಿದಲ್ಲಿ ಹಿರಿಯರು ಬೀಳುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.

7. ತುರ್ತು ಸಂದರ್ಭಗಳಿಗೆ ಸಿದ್ಧತೆ

2018ರಲ್ಲಿ ಕೊಡಗಿನಲ್ಲಿ ಭೂಕುಸಿತ, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಪ್ರವಾಹ ಸಂಭವಿಸಿ ಜನರು ಮನೆ ಬಿಟ್ಟು ತೆರಳಬೇಕಾಯಿತು. ಅಂತಹ ಸಮಯದಲ್ಲಿ ನಡೆಯಲಾಗದವರಿಗೆ, ಸೂಚನೆ ಕೇಳಿಸದವರಿಗೆ ಹಾಗೂ ದಾರಿ ಕಾಣದವರಿಗೆ ಇತರರಿಗಿಂತ ಹೆಚ್ಚು ಸಮಯ ಬೇಕಾಗುತ್ತದೆ.

2016ರ ಅಧಿನಿಯಮದ 8ನೇ ಪ್ರಕರಣದಂತೆ ವಿಪತ್ತಿನ ಸಂದರ್ಭದಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆ ದೊರೆಯಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರಗಳನ್ನು ಇಟ್ಟುಕೊಂಡು, ಅಪಾಯದ ಬಗ್ಗೆ ಅವರಿಗೆ ತಿಳಿಸಲು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು. ನದಿ ತೀರ ಹಾಗೂ ಗುಡ್ಡದ ತಪ್ಪಲಿನ ಗ್ರಾಮಗಳ ಕುಟುಂಬಗಳು ಮಳೆಗಾಲಕ್ಕೆ ಮುನ್ನವೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ತಮ್ಮ ಮನೆಯ ವಿಕಲಚೇತನರ ಹೆಸರು, ಮನೆಯ ಸ್ಥಳ ಹಾಗೂ ಬೇಕಾಗುವ ನೆರವಿನ ಸ್ವರೂಪವನ್ನು ದಾಖಲಿಸಿಕೊಳ್ಳುವುದು ಸೂಕ್ತ.

ಒಂದು ಚೀಲದಲ್ಲಿ ಸಿದ್ಧವಾಗಿಡಬೇಕಾದ ವಸ್ತುಗಳು:

- ಟಾರ್ಚ್ ಮತ್ತು ಹೆಚ್ಚುವರಿ ಬ್ಯಾಟರಿಗಳು
- ಸೀಟಿ (ಸಿಕ್ಕಿಬಿದ್ದವರು ಕೂಗಿ ದಣಿಯುವ ಬದಲು ಊದಲು)
- ಒಂದು ವಾರದ ಔಷಧ ಮತ್ತು ವೈದ್ಯರ ಚೀಟಿ
- ಶ್ರವಣ ಸಾಧನದ ಬ್ಯಾಟರಿ, ಊರುಗೋಲಿನ ಹೆಚ್ಚುವರಿ ಬುಷ್
- ಪ್ಲಾಸ್ಟಿಕ್ ಹೊದಿಕೆಯಲ್ಲಿ ಗುರುತಿನ ಚೀಟಿ, ಆಧಾರ್, ಪಡಿತರ ಚೀಟಿಯ ಪ್ರತಿಗಳು
- ಮಾತನಾಡಲಾಗದವರಿಗೆ ಹೆಸರು, ತೊಂದರೆಯ ಸ್ವರೂಪ, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿ

ಗಮನಿಸಬೇಕಾದ ಇತರ ಅಂಶಗಳು: ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು, ಗಾಲಿಕುರ್ಚಿ ಬಳಸುವವರನ್ನು ಮೆಟ್ಟಿಲಿನಲ್ಲಿ ಇಳಿಸಲು ಇಬ್ಬರು ನೆರೆಹೊರೆಯವರನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಹರಿಯುವ ನೀರಿನಲ್ಲಿ ತ್ರಿಚಕ್ರ ವಾಹನವನ್ನು ಇಳಿಸಬಾರದು. ಭಾರಿ ಮಳೆಯ ಮುನ್ಸೂಚನೆ ಇದ್ದಲ್ಲಿ ಬ್ಯಾಟರಿ ಚಾಲಿತ ಸಾಧನಗಳನ್ನು ವಿದ್ಯುತ್ ಇರುವಾಗಲೇ ಪೂರ್ಣ ಚಾರ್ಜ್ ಮಾಡಿಕೊಳ್ಳಬೇಕು. ಶ್ರವಣ ಸಾಧನವನ್ನು ರಾತ್ರಿ ತೆಗೆದಿಟ್ಟು ಮಲಗುವವರನ್ನು ಎಬ್ಬಿಸುವ ಹೊಣೆಯನ್ನು ಮನೆಯ ಒಬ್ಬರಿಗೆ ನಿಗದಿಪಡಿಸಬೇಕು. ಸ್ಥಳಾಂತರದ ವೇಳೆ ವ್ಯಕ್ತಿಯೊಂದಿಗೆ ಸಾಧನವನ್ನೂ ಒಯ್ಯಲೇಬೇಕು. ಸಾಧನವಿಲ್ಲದೆ ಪರಿಹಾರ ಕೇಂದ್ರ ತಲುಪಿದವರು ಶೌಚಕ್ಕೂ ಪರಾವಲಂಬಿಗಳಾಗುತ್ತಾರೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿತರಿಸಿದ ಸಾಧನ ಅಳತೆಗೆ ಸರಿಹೊಂದದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಶಿಬಿರದಲ್ಲಿಯೇ ತಜ್ಞರ ಗಮನಕ್ಕೆ ತರಬೇಕು. ಮನೆಗೆ ಒಯ್ದ ನಂತರ ತಿಳಿದುಬಂದಲ್ಲಿ ತಡಮಾಡದೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಅಳವಡಿಕೆಯ ನಂತರದ ಆರೈಕೆಯೂ ಯೋಜನೆಯ ಭಾಗವಾಗಿದೆ.

ಪ್ರಶ್ನೆ: ಮಧ್ಯವರ್ತಿಗಳಿಗೆ ಹಣ ನೀಡಬೇಕೆ?
ಉತ್ತರ: ಇಲ್ಲ. ಆದಾಯ ಮಿತಿಯಂತೆ ಶೇ. 50ರಷ್ಟು ಪಾಲು ಭರಿಸಬೇಕಾದವರು ಸಹ ರಸೀದಿ ಪಡೆದೇ ಪಾವತಿಸಬೇಕು.

ಪ್ರಶ್ನೆ: ಊರುಗೋಲು ಪಡೆದವರು ಶ್ರವಣ ಸಾಧನಕ್ಕೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಮೂರು ವರ್ಷದ ನಿರ್ಬಂಧವು ಅದೇ ಉದ್ದೇಶದ ಸಾಧನಕ್ಕೆ ಅನ್ವಯಿಸುತ್ತದೆ. ಬೇರೆ ಅಗತ್ಯಕ್ಕೆ ಅರ್ಹತೆಗೊಳಪಟ್ಟು ಅರ್ಜಿ ಸಲ್ಲಿಸಬಹುದು.

9. ತುರ್ತು ದೂರವಾಣಿ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ಹಾಗೂ ಇತರ ತುರ್ತು ಸೇವೆ: 112
ಆಂಬುಲೆನ್ಸ್: 108
ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567

ಸೂಚನೆ: ಆದಾಯ ಮಿತಿ ಹಾಗೂ ಷರತ್ತುಗಳು ಸರ್ಕಾರದ ಆದೇಶಗಳಿಗನುಸಾರ ಪರಿಷ್ಕರಣೆಗೆ ಒಳಪಟ್ಟಿರುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಜಿಲ್ಲಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.