ಹಿತ್ತಲಿನ ಮರಕುಟಿಗಗಳನ್ನು ಗುರುತಿಸುವುದು – ಒಣಮರ ತೆರವುಗೊಳಿಸಲು ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಒಣಗಿದ ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ವೃಕ್ಷಾಧಿಕಾರಿಯವರ ಅನುಮತಿ ಪಡೆಯತಕ್ಕದ್ದು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇರುತ್ತದೆ. ಆದರೆ ಮರ ಯಾವುದೇ ಆಗಿರಲಿ, ಕಾಡುಹಕ್ಕಿಯ ಗೂಡು ಅಥವಾ ಮೊಟ್ಟೆಗಳಿಗೆ ತೊಂದರೆಯುಂಟುಮಾಡುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿನ ‘ಬೇಟೆ’ಯ ವ್ಯಾಖ್ಯೆಗೆ ಒಳಪಡುತ್ತದೆ. ಆದ್ದರಿಂದ ಮರದಲ್ಲಿ ಮರಕುಟಿಗದ ಗೂಡು ಇದೆಯೇ ಎಂಬುದನ್ನು ಮೊದಲು ಪರಿಶೀಲಿಸುವುದು ಅವಶ್ಯಕ.

ಸಾಮಾನ್ಯ ಲಕ್ಷಣಗಳು:
ಮರಕುಟಿಗವು ಬಿರುಸಾದ ಬಾಲವನ್ನು ಊರುಗೋಲಿನಂತೆ ಒತ್ತಿ ಕಾಂಡದ ಮೇಲೆ ನೆಟ್ಟಗೆ ಏರುತ್ತದೆ. ಹಾರಾಟ ಅಲೆಯಂತೆ ಏರಿಳಿಯುತ್ತದೆ. ಇರುವೆ ಹಾಗೂ ಮರ ಕೊರೆಯುವ ಹುಳುಗಳು ಇದರ ಆಹಾರ.

ಹಿತ್ತಲಿನಲ್ಲಿ ಕಾಣಬಹುದಾದ ಜಾತಿಗಳು:
1. ಹೊಂಬೆನ್ನಿನ ಮರಕುಟಿಗ: ಸುಮಾರು 26ರಿಂದ 29 ಸೆಂ.ಮೀ. ಉದ್ದ. ಬೆನ್ನು ಹೊನ್ನಿನ ಬಣ್ಣ, ಗಂಟಲು ಬಿಳಿ ಚುಕ್ಕೆಗಳುಳ್ಳ ಕಪ್ಪು. ಗಂಡಿಗೆ ನೆತ್ತಿಯಿಂದ ಜುಟ್ಟಿನವರೆಗೆ ಕೆಂಪು. ಹೆಣ್ಣಿಗೆ ಜುಟ್ಟು ಮಾತ್ರ ಕೆಂಪು. ತೆಂಗಿನ ತೋಟಗಳಲ್ಲಿಯೂ ಕಾಣಸಿಗುತ್ತದೆ. ಕೂಗು ಕೀರಲು ನಗೆಯಂತಿರುತ್ತದೆ.
2. ಹಳದಿ ನೆತ್ತಿಯ ಮರಕುಟಿಗ: ಸುಮಾರು 18 ಸೆಂ.ಮೀ. ಕಂದು-ಬಿಳಿ ಚುಕ್ಕೆಗಳ ಮೈ, ಹೊಟ್ಟೆಯ ಮೇಲೆ ಕೆಂಪು ಮಚ್ಚೆ. ಬಯಲುಸೀಮೆಯ ಕುರುಚಲು ಮರಗಳಲ್ಲಿ ವಾಸ.
3. ಕುಬ್ಜ ಮರಕುಟಿಗ: ಗುಬ್ಬಿಗಿಂತ ಚಿಕ್ಕದು, ಸಣ್ಣ ಕೊಂಬೆಗಳಲ್ಲಿ ಮೇಯುತ್ತದೆ.

ಕುಟ್ರು ಹಕ್ಕಿಯೂ ಒಣಗಿದ ಕೊಂಬೆ ಕೊರೆದು ಗೂಡು ಮಾಡುತ್ತದೆ. ಹಸಿರು ಮೈ ಮತ್ತು ದಪ್ಪ ಕೊಕ್ಕಿನಿಂದ ಅದನ್ನು ಪ್ರತ್ಯೇಕಿಸಬಹುದು.

ಗೂಡು ಬಳಕೆಯಲ್ಲಿದೆಯೇ ಎಂದು ತಿಳಿಯುವ ಬಗೆ:
ಬೆಳಗಿನ ಹೊತ್ತು ದೂರದಲ್ಲಿ ನಿಂತು ಪೊಟರೆಯನ್ನು ಗಮನಿಸತಕ್ಕದ್ದು. ಬುಡದಲ್ಲಿ ಹೊಸ ಮರದ ಚೂರುಗಳಿದ್ದಲ್ಲಿ ಗೂಡು ಕೊರೆಯುತ್ತಿರುವ ಸಂಭವವಿರುತ್ತದೆ. ಹಕ್ಕಿಗಳು ಪದೇ ಪದೇ ಒಳಹೋಗಿ ಬರುತ್ತಿದ್ದರೆ ಮರಿಗಳಿರಬಹುದು. ಪೊಟರೆಗೆ ಕೈ ಅಥವಾ ಕಡ್ಡಿ ಹಾಕಬಾರದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು:
ಹೊಂಬೆನ್ನಿನ ಮರಕುಟಿಗದ ಸಂತಾನಕಾಲ ಮುಖ್ಯವಾಗಿ ಫೆಬ್ರವರಿಯಿಂದ ಜುಲೈವರೆಗೆ. ಮೊಟ್ಟೆಗಳು ಸುಮಾರು 11 ದಿನಗಳಲ್ಲಿ ಒಡೆಯುತ್ತವೆ. ಮರಿಗಳು ಸುಮಾರು 20 ದಿನಗಳಲ್ಲಿ ಗೂಡು ಬಿಡುತ್ತವೆ. ಅಂದರೆ ಐದು ವಾರ ಕಾದಲ್ಲಿ ಸಾಮಾನ್ಯವಾಗಿ ಒಂದು ಸಂಸಾರ ಉಳಿಯುತ್ತದೆ. ಗೂಡು ಕಂಡುಬಂದಲ್ಲಿ ಅದನ್ನು ಅರ್ಜಿಯಲ್ಲಿ ನಮೂದಿಸುವುದು ಸೂಕ್ತ. ಮರ ಮನೆಯ ಮೇಲೆ ಬೀಳುವ ಅಪಾಯವಿದ್ದಲ್ಲಿ ತಾವಾಗಿಯೇ ಕಡಿಯದೆ ಕೂಡಲೇ ವೃಕ್ಷಾಧಿಕಾರಿಯವರ ಗಮನಕ್ಕೆ ತರತಕ್ಕದ್ದು.

ಅಪಾಯವಿಲ್ಲದ ಒಣಮರವನ್ನು ಹಾಗೆಯೇ ಉಳಿಸಿಕೊಳ್ಳಲು ಯಾವ ಅನುಮತಿಯೂ ಬೇಕಿಲ್ಲ. ಮರಕುಟಿಗ ಬಿಟ್ಟುಹೋದ ಪೊಟರೆಯಲ್ಲಿ ಮುಂದೆ ಮೈನಾ, ಗಿಳಿ, ಹಾಲಕ್ಕಿಗಳು ನೆಲೆಸುತ್ತವೆ.